ಮದುವೆ ಮನೆಯಲ್ಲಿ ಕ್ಯಾಮೆರಾ: ಹೊಸಬರಿಗೆ ಮೊದಲ ಪಾಠಗಳು

ಮೊದಲು ಲಗ್ನಪತ್ರಿಕೆ ತರಿಸಿಕೊಳ್ಳಿ. ಕ್ಯಾಮೆರಾ, ಲೆನ್ಸು, ಫ್ಲ್ಯಾಶ್ ಎಲ್ಲ ಆಮೇಲೆ. ಮುಹೂರ್ತ ಎಷ್ಟು ಹೊತ್ತಿಗೆ, ಯಾವ ಛತ್ರದಲ್ಲಿ, ಹಿಂದಿನ ದಿನ ವರಪೂಜೆ ಇದೆಯೋ ಇಲ್ಲವೋ, ಆರತಕ್ಷತೆ ಮದುವೆಗೆ ಮೊದಲೋ ನಂತರವೋ ಎಂಬುದೆಲ್ಲ ಆ ಒಂದು ಹಾಳೆಯಲ್ಲಿ ಅಚ್ಚಾಗಿರುತ್ತದೆ. ಅದರಲ್ಲೇ ಬೆಳಕಿನ ಲೆಕ್ಕವೂ ಸಿಗುತ್ತದೆ. ಅಭಿಜಿನ್ ಲಗ್ನ ಎಂದಿದ್ದರೆ ನಡುಮಧ್ಯಾಹ್ನ. ಬಯಲಿನಲ್ಲಿ ಮಂಟಪ ಕಟ್ಟಿದ್ದರೆ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಗೋಧೂಳಿ ಲಗ್ನವಾದರೆ ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತಿರುತ್ತದೆ, ಮಾಲೆ ಹಾಕುವಾಗ ಇದ್ದದ್ದು ಸಪ್ತಪದಿಯ ಹೊತ್ತಿಗೆ ಇರುವುದಿಲ್ಲ. ಬೆಳಗಿನ ಜಾವದ ಮುಹೂರ್ತವಾದರೆ ಸೂರ್ಯನನ್ನು ಮರೆತು ಛತ್ರದ ದೀಪಗಳನ್ನೇ ನಂಬಬೇಕು.

ಪತ್ರಿಕೆ ಓದಿದ ಮೇಲೆ ಮನೆಯ ಹಿರಿಯರೊಬ್ಬರ ಜೊತೆ ಕೂತು ಶಾಸ್ತ್ರಗಳ ಕ್ರಮ ಕೇಳಿ ಬರೆದುಕೊಳ್ಳಿ. ಮದುವೆ ಎಂದರೆ ಗೊತ್ತೇ ಇದೆಯಲ್ಲ ಎಂದು ಹೊರಟುಬಿಡಬೇಡಿ. ನಮ್ಮಲ್ಲಿ ಎರಡು ಜಿಲ್ಲೆ ದಾಟಿದರೆ ಮದುವೆಯ ರೀತಿಯೇ ಬೇರೆ. ಹಳೇ ಮೈಸೂರು ಸೀಮೆಯಲ್ಲಿ ಧಾರೆ ಎರೆಯುವುದೇ ಮುಖ್ಯ. ಉತ್ತರ ಕರ್ನಾಟಕದ ಮನೆಗಳಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತುವ ಸುರಗಿ ಇರುತ್ತದೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಇಡೀ ಸಭೆ ಎದ್ದು ನಿಂತಿರುತ್ತದೆ. ಕೊಡವರ ಮದುವೆಯಲ್ಲಿ ಪುರೋಹಿತರೇ ಇಲ್ಲ. ಹಿರಿಯರೂ ನೆಂಟರೂ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸುತ್ತಾರೆ, ಅದಕ್ಕೆ ತಾಳ್ಮೆ ಬೇಕು. ಬಾಳೆ ಕಡಿಯುವುದಕ್ಕೆ ಮಾತ್ರ ಚುರುಕು ಬೇಕು, ಕತ್ತಿ ಬೀಸಿದ್ದು ಕಂಡಿತು ಎನ್ನುವಷ್ಟರಲ್ಲಿ ಮುಗಿದಿರುತ್ತದೆ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಾಡಿಸಿದ ಮಂತ್ರ ಮಾಂಗಲ್ಯದ ಪದ್ಧತಿಯಲ್ಲಿ ಈಗಲೂ ಅನೇಕರು ಮದುವೆಯಾಗುತ್ತಾರೆ. ಅಲ್ಲಿ ಮುಹೂರ್ತವಿಲ್ಲ, ವಾದ್ಯವಿಲ್ಲ. ಹುಡುಗ ಹುಡುಗಿ ಪ್ರಮಾಣವಚನ ಓದುವ ಆ ಸ್ವಲ್ಪ ಹೊತ್ತೇ ಮದುವೆ. ನಿಕಾಹ್‌ನಲ್ಲಿ ಹೆಣ್ಣಿನ ಒಪ್ಪಿಗೆಯನ್ನೂ ಸಹಿಯನ್ನೂ ಹಲವೆಡೆ ಒಳಕೋಣೆಯಲ್ಲಿ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಹೋಗಲು ಜೊತೆಗೊಬ್ಬ ಫೋಟೋಗ್ರಾಫರ್ ಹೆಣ್ಣುಮಗಳು ಇರಬೇಕು. ಚರ್ಚಿನಲ್ಲಾದರೆ ಪೂಜೆಯ ನಡುವೆ ಫ್ಲ್ಯಾಶ್ ಹಾಕಬಹುದೇ, ಎಲ್ಲಿಯವರೆಗೆ ಹತ್ತಿರ ಬರಬಹುದು ಎಂದು ಪಾದ್ರಿಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇಷ್ಟು ವಿವರ ಏಕೆ ಹೇಳುತ್ತಿದ್ದೇನೆಂದರೆ, ಮದುವೆಯಲ್ಲಿ ಯಾವುದೂ ಎರಡನೇ ಸಲ ನಡೆಯುವುದಿಲ್ಲ. ಮುಂದೇನು ಎಂದು ಬಲ್ಲವರು ಒಂದು ನಿಮಿಷ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುತ್ತಾರೆ. ಅಷ್ಟು ಮಾಡಿದವರಿಗೆ ಸಾಧಾರಣ ಕ್ಯಾಮೆರಾವೂ ಸಾಕು. ಶಾಸ್ತ್ರ ಗೊತ್ತಿಲ್ಲದವರು ಎಷ್ಟು ಬೆಲೆಯ ಕ್ಯಾಮೆರಾ ಹಿಡಿದರೂ ನೆಂಟರ ಬೆನ್ನಿನ ಫೋಟೋ ತರುತ್ತಾರೆ. ‘ಸ್ವಾಮಿ, ಇನ್ನೊಂದ್ಸಲ ತಾಳಿ ಹಿಡೀರಿ’ ಎಂದು ಕೂಗುವ ಪರಿಸ್ಥಿತಿ ಬಂದರೆ ಆ ಫೋಟೋ ಆಗಲೇ ಕೈತಪ್ಪಿದೆ ಎಂದು ತಿಳಿಯಿರಿ. ಕೂಗಬೇಡಿ. ಮದುವೆ ನಡೆಯುತ್ತಿರುವುದು ಕ್ಯಾಮೆರಾಗೋಸ್ಕರ ಅಲ್ಲ.

ಕಲಿಕೆಯನ್ನು ನಿಶ್ಚಿತಾರ್ಥದಿಂದ ಶುರುಮಾಡಿ ಎನ್ನುವುದು ನನ್ನ ಸಲಹೆ. ಜನ ಕಡಿಮೆ, ಗಡಿಬಿಡಿ ಕಡಿಮೆ, ಬಹಳಷ್ಟು ಸಲ ಹುಡುಗಿಯ ಮನೆಯ ಹಜಾರದಲ್ಲೇ ನಡೆಯುತ್ತದೆ. ಜಮಖಾನ ಹಾಸಿ, ತಟ್ಟೆಗಳಲ್ಲಿ ಹಣ್ಣು, ಹೂವು, ಸೀರೆ, ಎಲೆ ಅಡಿಕೆ ಜೋಡಿಸಿರುತ್ತಾರೆ. ಹಿರಿಯರು ತಾಂಬೂಲ ಬದಲಾಯಿಸುತ್ತಾರೆ, ಪುರೋಹಿತರು ಲಗ್ನಪತ್ರಿಕೆ ಓದುತ್ತಾರೆ, ಈಗೀಗ ಉಂಗುರವೂ ಸೇರಿಕೊಂಡಿದೆ. ಹೊಸಬರೆಲ್ಲ ಉಂಗುರದ ಹಿಂದೆಯೇ ಬೀಳುತ್ತಾರೆ. ನೀವು ಪತ್ರಿಕೆ ಓದುವಾಗ ಎರಡೂ ಕಡೆಯ ಅಮ್ಮಂದಿರ ಮುಖ ನೋಡಿ. ಇನ್ನೂ ಸಂಕೋಚ ಬಿಡದ ಎರಡು ಕುಟುಂಬಗಳು ಒಂದನ್ನೊಂದು ಅಳೆಯುತ್ತಾ, ಮೆಚ್ಚುತ್ತಾ ಕೂತಿರುವ ಆ ಹೊತ್ತು ಮದುವೆಯ ದಿನ ಸಿಗುವುದಿಲ್ಲ.

ಮನೆಯೊಳಗೆ ಹೋದ ಕೂಡಲೇ ಕಿಟಕಿ ಎಲ್ಲಿದೆ ನೋಡಿ. ಮನೆಯವರನ್ನು ಕೇಳಿ ಟ್ಯೂಬ್‌ಲೈಟ್ ಆರಿಸಿ, ಹುಡುಗ ಹುಡುಗಿಯ ಮಣೆಗಳನ್ನು ಕಿಟಕಿಗೆ ಓರೆಯಾಗಿ ಇಡಿಸಿದರೆ ಅರ್ಧ ಕೆಲಸ ಮುಗಿಯಿತು. ಟ್ಯೂಬ್‌ಲೈಟ್ ಏಕೆ ಆರಿಸಬೇಕೆಂದರೆ, ಹಗಲಿನ ಬೆಳಕಿನ ಬಣ್ಣವೇ ಬೇರೆ, ದೀಪದ ಬಣ್ಣವೇ ಬೇರೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಸರಿಯಾಗಿದ್ದು ಇನ್ನೊಂದು ಹಸಿರೋ ಹಳದಿಯೋ ಆಗುತ್ತದೆ. ಲೆನ್ಸು 50 ಮಿಲಿಮೀಟರಿನ ಎಫ್/1.8 ಇದ್ದರೆ ಸಾಕು. ಬಹುತೇಕ ಕಂಪನಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ಲೆನ್ಸು ಅದು. ಹಜಾರ ಚಿಕ್ಕದಾದರೆ 35 ಮಿಲಿಮೀಟರಿನದು.

ಇನ್ನು ಮೂರು ಸಂಖ್ಯೆಗಳ ವಿಷಯ. ಅಪರ್ಚರ್ ಎಂದರೆ ಲೆನ್ಸಿನ ಕಿಂಡಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಹೆಚ್ಚು, ಆದರೆ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಶಟರ್ ಎಂದರೆ ಫಿಲ್ಮಿನ ಅಥವಾ ಸೆನ್ಸರಿನ ಮೇಲೆ ಬೆಳಕು ಬೀಳುವ ಹೊತ್ತು. 1/125 ಸೆಕೆಂಡಿಗಿಂತ ನಿಧಾನವಾದರೆ ಆಡುವ ಕೈಗಳು ಮಸುಕಾಗತೊಡಗುತ್ತವೆ. ಐಎಸ್‌ಒ ಎಂದರೆ ಬೆಳಕನ್ನು ಹಿಡಿಯುವ ಚುರುಕು. ಫಿಲ್ಮಿನಲ್ಲಿ ಅದು ರೋಲಿನ ಮೇಲೇ ಬರೆದಿರುತ್ತದೆ, ಆ ರೋಲು ಮುಗಿಯುವವರೆಗೂ ಅದೇ. ಡಿಜಿಟಲ್‌ನಲ್ಲಿ ಒಂದೊಂದು ಫೋಟೋಗೂ ಬದಲಾಯಿಸಬಹುದು. ಕಿಟಕಿ ಪಕ್ಕದ ಹಜಾರದಲ್ಲಿ ಎಫ್/2.8, 1/125, ಐಎಸ್‌ಒ 800 ಇಟ್ಟು ಶುರುಮಾಡಿ, ಆಮೇಲೆ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಕ್ಯಾಮೆರಾದ ಮೀಟರು ತನ್ನ ಮುಂದಿರುವುದೆಲ್ಲ ಸಾಧಾರಣ ಬೂದುಬಣ್ಣ ಎಂದೇ ನಂಬುತ್ತದೆ. ನಮ್ಮ ಮದುವೆಯಲ್ಲಿ ಹಾಗಿರುವುದಿಲ್ಲ. ಬಿಳಿ ಪಂಚೆಯ ವರನೂ ಕೆಂಪಂಚಿನ ಬಿಳಿ ಧಾರೆ ಸೀರೆಯ ವಧುವೂ ಚೌಕಟ್ಟು ತುಂಬಿದರೆ ಮೀಟರು ಬೆಳಕು ಬಹಳವಾಯಿತೆಂದು ಎಲ್ಲವನ್ನೂ ಮಂಕು ಮಾಡುತ್ತದೆ, ಮುಖಗಳು ಕಪ್ಪಿಟ್ಟು ಬರುತ್ತವೆ. ಆಗ ಒಂದು ಸ್ಟಾಪ್ ಬೆಳಕು ಹೆಚ್ಚು, ಅಂದರೆ ಎರಡರಷ್ಟು, ಕೊಡಬೇಕು. ಕಡು ಬಣ್ಣದ ರೇಷ್ಮೆ ಸೀರೆ, ಹಿಂದೆ ಕತ್ತಲೆಯ ಪರದೆ ಇದ್ದರೆ ತಿರುಗುಮುರುಗು. ಇದಕ್ಕೊಂದು ಹಳೆಯ ಉಪಾಯವಿದೆ: ಅದೇ ಬೆಳಕಿನಲ್ಲಿ ನಿಮ್ಮ ಅಂಗೈ ಹಿಡಿದು ಮೀಟರು ನೋಡಿ, ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡಿ. ಮೈಬಣ್ಣ ಯಾವುದೇ ಇರಲಿ, ಅಂಗೈ ಹೆಚ್ಚುಕಡಿಮೆ ಎಲ್ಲರದೂ ಒಂದೇ ತಿಳಿ. ಫಿಲ್ಮಿಗೂ ಡಿಜಿಟಲ್‌ಗೂ ಈ ಅಳತೆ ನಡೆಯುತ್ತದೆ.

ಆದರೆ ತಪ್ಪಿದಾಗ ಎರಡೂ ಬೇರೆ ಬೇರೆ ರೀತಿ ತಪ್ಪುತ್ತವೆ. ಬಣ್ಣದ ನೆಗೆಟಿವ್ ಫಿಲ್ಮು ಬೆಳಕು ಹೆಚ್ಚಾದರೆ ತಡೆದುಕೊಳ್ಳುತ್ತದೆ; ಒಂದೆರಡು ಸ್ಟಾಪ್ ಜಾಸ್ತಿಯಾದರೂ ಪ್ರಿಂಟು ಚೆನ್ನಾಗಿಯೇ ಬರುತ್ತದೆ. ಕಡಿಮೆಯಾದರೆ ಮಾತ್ರ ನೆರಳಿನ ಭಾಗ ಕೆಸರಿನಂತೆ ಕದಡಿಹೋಗುತ್ತದೆ. ಆದ್ದರಿಂದಲೇ ಕೊಡಕ್ ಪೋರ್ಟ್ರಾ 400 ಹಾಕಿಕೊಂಡು ಮೀಟರನ್ನು 200ಕ್ಕೆ ಇಟ್ಟುಕೊಳ್ಳುವವರು ಬಹಳ ಮಂದಿ. ಡಿಜಿಟಲ್‌ನಲ್ಲಿ ಇದಕ್ಕೆ ವಿರುದ್ಧ. ಕತ್ತಲೆಯ ಭಾಗವನ್ನು, ಕ್ಯಾಮೆರಾ ಹಿಡಿದದ್ದನ್ನು ಹಾಗೆಯೇ ಉಳಿಸುವ ರಾ ಫೈಲ್ ಇದ್ದರೆ, ಆಮೇಲೆ ಮೇಲೆತ್ತಬಹುದು. ಬಿಳಿ ಪಂಚೆಯ ಮಡಿಕೆ, ಜರಿಯ ಹೊಳಪು ಒಮ್ಮೆ ಸುಟ್ಟುಹೋದರೆ ಅದನ್ನು ಮರಳಿ ತರಲು ಯಾವ ಕಂಪ್ಯೂಟರಿಗೂ ಆಗದು. ಫಿಲ್ಮಿನಲ್ಲಿ ನೆರಳನ್ನು ಕಾಯಿರಿ, ಡಿಜಿಟಲ್‌ನಲ್ಲಿ ಬಿಳಿಯನ್ನು ಕಾಯಿರಿ. ಎರಡೂ ಬಗೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಓಡಾಡುವವರಿಗೆ ಇದೊಂದು ಅಭ್ಯಾಸವಾಗಿ ಕೂರಬೇಕು.

ಫಿಲ್ಮು ಈಗ ದುಬಾರಿ. ರೋಲಿಗೆ, ತೊಳೆಸಲಿಕ್ಕೆ, ಸ್ಕ್ಯಾನಿಗೆ ಬೇರೆ ಬೇರೆ ಹಣ. ಹಾಗಿದ್ದೂ ಕಲಿಯುವವರ ಕೈಗೆ ಒಂದು ಫಿಲ್ಮ್ ಕ್ಯಾಮೆರಾ ಕೊಡುವುದು ಒಳ್ಳೆಯದೆಂದೇ ನನ್ನ ನಂಬಿಕೆ. 35 ಎಂಎಂ ರೋಲಿನಲ್ಲಿ 36 ಫೋಟೋ, 120ರ ರೋಲಿನಲ್ಲಿ ಚೌಕದ ಫೋಟೋ ತೆಗೆದರೆ 12. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ರೋಲುಗಳನ್ನು ಯಾಷಿಕಾ ಕ್ಯಾಮೆರಾಗೆ ಹಾಕಿಕೊಂಡು ಒಂದು ಇಡೀ ಮದುವೆಯನ್ನು ಕೆಲವೇ ರೋಲುಗಳಲ್ಲಿ ಮುಗಿಸುತ್ತಿದ್ದ ಸ್ಟುಡಿಯೋದವರ ಆಲ್ಬಮ್ಮುಗಳು ನಿಮ್ಮ ಅಜ್ಜಿಯ ಮನೆಯ ಬೀರುವಿನಲ್ಲಿ ಇರಬಹುದು, ಕಪ್ಪು ಹಾಳೆ, ನಡುವೆ ತೆಳು ಬಟರ್ ಪೇಪರು. ತೆಗೆದು ನೋಡಿ. ಒಂದು ಶಾಸ್ತ್ರಕ್ಕೆ ಒಂದೇ ಫೋಟೋ. ಆದರೆ ಆ ಒಂದರಲ್ಲಿ ಸೋದರಮಾವ, ಕಳಶ ಹಿಡಿದ ಹುಡುಗಿ, ಮೂಲೆಯಲ್ಲಿ ಓಲಗದವರು ಎಲ್ಲರೂ ಇರುತ್ತಾರೆ. ಯಾರು ಎಲ್ಲಿದ್ದಾರೆ ಎಂದು ಕಣ್ಣಿನಿಂದ ಒಮ್ಮೆ ಎಣಿಸಿ ಆಮೇಲೆ ಗುಂಡಿ ಒತ್ತಿದ ಫೋಟೋ ಅದು. ಡಿಜಿಟಲ್‌ನಲ್ಲಿ ಸಾವಿರಗಟ್ಟಲೆ ತೆಗೆಯುವಾಗ ಮೊದಲು ಹೋಗುವುದು ಈ ಎಣಿಕೆಯೇ.

ಫಿಲ್ಮು ಹಾಕುವಾಗ ನೆರಳಿನಲ್ಲಿ ನಿಲ್ಲಿ. ತುದಿಯನ್ನು ಸ್ಪೂಲಿಗೆ ಸಿಕ್ಕಿಸಿ, ಹಿಂಬಾಗಿಲು ಮುಚ್ಚಿ, ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿ ತಾನೂ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಫಿಲ್ಮು ಸಿಕ್ಕಿಲ್ಲ, ನೀವು ಇಡೀ ಮದುವೆ ತೆಗೆದರೂ ರೋಲು ಖಾಲಿಯೇ. ರೋಲು ಮುಗಿದ ಮೇಲೆ ಕ್ಯಾಮೆರಾದ ಅಡಿಯ ಪುಟ್ಟ ಬಟನ್ ಒತ್ತಿ, ಕೈ ಹಗುರವಾಗುವವರೆಗೂ ಹಿಂದಕ್ಕೆ ಸುತ್ತಿ, ಆಮೇಲೆ ಬಾಗಿಲು ತೆರೆಯಿರಿ. 30ನೇ ಫೋಟೋ ದಾಟಿದೆ, ಧಾರೆಗೆ ಸಿದ್ಧತೆ ನಡೆದಿದೆ ಎಂದರೆ ಉಳಿದದ್ದರ ಆಸೆ ಬಿಟ್ಟು ರೋಲು ಬದಲಾಯಿಸಿ. ತಾಳಿ ಕಟ್ಟುವಾಗ 36 ಮುಗಿಯಿತು ಎಂಬ ಸಂಕಟ ಯಾರಿಗೂ ಬೇಡ. ಮೊದಮೊದಲ ಮದುವೆಗಳಲ್ಲಂತೂ ಮಾಂಗಲ್ಯಧಾರಣೆಯನ್ನು ಡಿಜಿಟಲ್‌ನಲ್ಲೇ ತೆಗೆಯಿರಿ. ಫಿಲ್ಮನ್ನು ಅಲಂಕಾರಕ್ಕೆ, ಚಪ್ಪರಕ್ಕೆ, ಹಿರಿಯರ ಮುಖಗಳಿಗೆ ಇಟ್ಟುಕೊಳ್ಳಿ. ದೂರದೂರಿಗೆ ವಿಮಾನದಲ್ಲಿ ಹೋಗುವುದಾದರೆ ರೋಲುಗಳನ್ನು ಲಗೇಜಿಗೆ ಹಾಕದೆ ಕೈಯಲ್ಲೇ ಇಟ್ಟುಕೊಂಡು, ಎಕ್ಸ್‌ರೇಗೆ ಹಾಕದೆ ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿಕೊಳ್ಳಿ. ಹೊಸ ಸಿಟಿ ಸ್ಕ್ಯಾನರ್‌ಗಳು ತೊಳೆಯದ ಫಿಲ್ಮನ್ನು ಹಾಳುಮಾಡುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೂ ಇಡಬೇಡಿ.

ಛತ್ರದ ಬೆಳಕು ಹೊಸಬರನ್ನು ಹೆದರಿಸುವುದು ಸಹಜ. ಬಣ್ಣದ ಫಿಲ್ಮು ಸಾಮಾನ್ಯವಾಗಿ ಹಗಲಿನ ಬೆಳಕಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಹೊಂದಿಸಿದ್ದು. ಹಳದಿ ಬಲ್ಬುಗಳ ಕೆಳಗೆ ಎಲ್ಲ ಕಿತ್ತಳೆಯಾಗುತ್ತದೆ, ಟ್ಯೂಬ್‌ಲೈಟಿನಡಿ ಹಸಿರು ಇಣುಕುತ್ತದೆ. ಡಿಜಿಟಲ್‌ನಲ್ಲಿ ವೈಟ್ ಬ್ಯಾಲೆನ್ಸ್ ಬದಲಾಯಿಸಿ ಪಾರಾಗಬಹುದು. ಫಿಲ್ಮಿನಲ್ಲಾದರೆ ಫ್ಲ್ಯಾಶ್ ಬೇಕು, ಇಲ್ಲವೇ ಕಪ್ಪು-ಬಿಳುಪಿಗೆ ಹೋಗಬೇಕು. ನಾನು ಹೇಳುವುದು ಎರಡನೆಯದನ್ನೇ. ಇಲ್ಫರ್ಡ್ ಎಚ್‌ಪಿ5 ಪ್ಲಸ್‌ನಂಥ 400ರ ಫಿಲ್ಮನ್ನು 1600 ಎಂದುಕೊಂಡು ತೆಗೆದು, ಲ್ಯಾಬಿನವರಿಗೆ ಮೊದಲೇ ಹೇಳಿ ಅಷ್ಟು ಹೆಚ್ಚು ಹೊತ್ತು ತೊಳೆಸಿದರೆ ಛತ್ರದೊಳಗೂ ಕೆಲಸ ನಡೆಯುತ್ತದೆ, ಬಣ್ಣದ ಚಿಂತೆಯೇ ಇಲ್ಲ. ಫ್ಲ್ಯಾಶ್ ಬಳಸುವಾಗ ಶಟರಿನ ಮಿತಿ ನೆನಪಿಡಿ: ಪೆಂಟಾಕ್ಸ್ ಕೆ1000ದಲ್ಲಿ ಅದು 1/60, ಈಗಿನ ಬಹುಪಾಲು ಡಿಜಿಟಲ್ ಕ್ಯಾಮೆರಾಗಳಲ್ಲಿ 1/200ರ ಆಸುಪಾಸು. ಮೀರಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ. ಫ್ಲ್ಯಾಶಿನ ತಲೆಯನ್ನು ಬಿಳಿ ಚಾವಣಿಗೆ ತಿರುಗಿಸಿದರೆ ಬೆಳಕು ಮೆದುವಾಗಿ ಇಳಿಯುತ್ತದೆ. ಮೇಲೆ ಕೆಂಪು ಶಾಮಿಯಾನ ಇದ್ದರೆ ಈ ಉಪಾಯ ಬೇಡ, ಎಲ್ಲರ ಮುಖವೂ ಕೆಂಪಾಗುತ್ತದೆ.

ಎಲ್‌ಇಡಿ ದೀಪಗಳದು ಇನ್ನೊಂದು ಗೋಳು. ನಮ್ಮ ಕರೆಂಟು 50 ಹರ್ಟ್ಸಿನದು, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ 1/1000ದಲ್ಲಿ ತೆಗೆದ ಫೋಟೋದಲ್ಲಿ ಅಡ್ಡಪಟ್ಟಿಗಳಾಗಿ ಕಾಣುತ್ತವೆ. 1/100ಕ್ಕೋ 1/50ಕ್ಕೋ ಇಳಿಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆಗ ಬಳಸಲೇಬೇಡಿ. ಆರತಕ್ಷತೆಯ ಹಿಂದಿನ ಎಲ್‌ಇಡಿ ಪರದೆಗಳ ಮಿನುಗು ಬೇರೆಯೇ ಇರುತ್ತದೆ. ಜನ ಬರುವ ಮೊದಲು ಖಾಲಿ ವೇದಿಕೆಯ ಫೋಟೋ ಬೇರೆ ಬೇರೆ ಶಟರಿನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿಕೊಳ್ಳಿ.

ಈಗ ಧಾರೆಗೆ ಬರೋಣ. ಪುರೋಹಿತರನ್ನು ಬೆಳಗ್ಗೆಯೇ ಮಾತಾಡಿಸಿ. ವಧೂವರರು ಯಾವ ದಿಕ್ಕಿಗೆ ಕೂರುತ್ತಾರೆ, ಹೋಮಕುಂಡ ಎಲ್ಲಿ, ತಾಳಿ ಕಟ್ಟುವಾಗ ವರ ಎದ್ದು ನಿಲ್ಲುತ್ತಾರೋ ಕೂತೇ ಕಟ್ಟುತ್ತಾರೋ ಕೇಳಿ. ಗೌರವದಿಂದ ಕೇಳಿದರೆ ಅವರೇ ‘ಈ ಕಡೆ ನಿಂತ್ಕೊಳ್ಳಿ, ಚೆನ್ನಾಗಿ ಕಾಣುತ್ತೆ’ ಎಂದು ಜಾಗ ತೋರಿಸುತ್ತಾರೆ. ಚಪ್ಪಲಿ ಬಿಟ್ಟೇ ಮಂಟಪ ಹತ್ತಿ, ಅಗ್ನಿಯನ್ನೂ ಕಳಶವನ್ನೂ ದಾಟಬೇಡಿ.

ಅಂತರಪಟ ಹಿಡಿದಾಗ ಪಕ್ಕದಲ್ಲಿ ನಿಲ್ಲಬೇಕು, ಬಟ್ಟೆಯ ಎರಡೂ ಬದಿಯ ಮುಖಗಳು ಒಂದೇ ಚೌಕಟ್ಟಿನಲ್ಲಿ ಕಾಣುವಂತೆ. ಪಟ ಸರಿದು ಜೀರಿಗೆ ಬೆಲ್ಲ ಹಾಕುವುದು ಎರಡು ಮೂರು ಸೆಕೆಂಡಿನ ಮಾತು; ಆಗ ಬರುವ ನಗು ಆ ದಿನದ ಮೊದಲ ನಿಜವಾದ ನಗು. ಧಾರೆಯಲ್ಲಿ ಕೈಗಳ ಮೇಲೆ ಕೈಗಳು ಸೇರುತ್ತವೆ, ಗಿಂಡಿಯಿಂದ ಹಾಲು ಬೀಳುತ್ತದೆ. ಕುಳಿತು, ಕೆಳಗಿನಿಂದ ತೆಗೆಯಿರಿ. ವೇಗದ ಶಟರಿನಲ್ಲಿ ಹಾಲಿನ ಹನಿಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, 1/30ರಲ್ಲಿ ನೂಲಿನಂತೆ ಇಳಿಯುತ್ತವೆ. ನನಗೆ ಎರಡನೆಯದೇ ಇಷ್ಟ, ಆದರೆ ಕೈ ಅಲುಗದಂತೆ ಮೊಣಕೈಯನ್ನು ಮಂಡಿಗೆ ಊರಿಕೊಳ್ಳಬೇಕು. ಕೈಗಳನ್ನು ತೆಗೆದ ಕೂಡಲೇ ಹುಡುಗಿಯ ತಂದೆಯ ಮುಖಕ್ಕೆ ಹೋಗಿ. ಹಾಲು ಎರೆಯುವಾಗ ಗಟ್ಟಿಯಾಗಿದ್ದವರು ಎರೆದು ಮುಗಿಸಿದ ಮೇಲೆ ಕರಗುತ್ತಾರೆ.

ಗಟ್ಟಿಮೇಳ ಎಂಬ ಕೂಗು ಕೇಳಿ ಓಲಗದ ಸದ್ದು ಏರಿತೆಂದರೆ ಕ್ಯಾಮೆರಾ ಕಣ್ಣಿಗೆ ಬಂದಿರಬೇಕು. ಆ ಹೊತ್ತಿಗೆ ಎಲ್ಲರೂ ಎದ್ದು ಅಕ್ಷತೆ ಎರಚಲು ಮುಂದೆ ಬರುತ್ತಾರೆ, ಮೊಬೈಲ್ ಹಿಡಿದ ಕೈಗಳು ಮೇಲೇಳುತ್ತವೆ. ಆದ್ದರಿಂದ ಮೊದಲೇ ಹತ್ತಿರ ಹೋಗಿ, ಮೊಣಕಾಲೂರಿ, ಹಿಂದಿನವರಿಗೂ ಕಾಣುವಂತೆ ತಗ್ಗಿ ನಿಲ್ಲಿ. ಮೂರು ಗಂಟಿಗೆ ಕೆಲವೇ ಸೆಕೆಂಡು. ಮೊದಲ ಗಂಟಿಗೆ ವರನ ಬೆರಳು, ಎರಡನೆಯದಕ್ಕೆ ವಧುವಿನ ಮುಖ, ಮೂರನೆಯದಕ್ಕೆ ಹಾರುತ್ತಿರುವ ಅಕ್ಷತೆಯ ಜೊತೆ ಇಡೀ ಮಂಟಪ ಎಂದು ಮನಸ್ಸಿನಲ್ಲಿ ಮೊದಲೇ ಹಂಚಿಕೊಳ್ಳಿ. ವಿಡಿಯೋದವರ ಜೊತೆಗೂ ಮಾತಾಡಿ ಯಾರು ಯಾವ ಬದಿ ಎಂದು ತೀರ್ಮಾನಿಸಿಕೊಂಡಿರಬೇಕು.

ಹೆಣ್ಣು ಒಪ್ಪಿಸಿಕೊಡುವಾಗ ದೂರ ಸರಿಯಿರಿ. 85 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದದ ಲೆನ್ಸು ಹಾಕಿ, ಫ್ಲ್ಯಾಶ್ ಆರಿಸಿ, ಕೆಲವೇ ಫೋಟೋ ತೆಗೆಯಿರಿ. ಅಳುವ ಮುಖದ ಮೇಲೆ ದೀಪ ಹೊಡೆಯುವುದು ಹಿಂಸೆ. ಯಾರಾದರೂ ಬೇಡವೆಂದು ಕೈ ಅಡ್ಡ ಮಾಡಿದರೆ ಕ್ಯಾಮೆರಾ ಇಳಿಸಿ.

ವೇದಿಕೆಗೆ ಬಾರದವರನ್ನೂ ಹುಡುಕಿಕೊಂಡು ಹೋಗಿ. ಕುರ್ಚಿ ಬಿಟ್ಟು ಏಳಲಾಗದ ಅಜ್ಜಿ, ಗಂಡ ತೀರಿಕೊಂಡರೆಂದು ಶಾಸ್ತ್ರದಿಂದ ದೂರ ನಿಂತಿರುವ ಅತ್ತೆ, ಬೆಳಗ್ಗೆಯಿಂದ ಉಗ್ರಾಣದಲ್ಲೇ ಇರುವ ಚಿಕ್ಕಪ್ಪ, ಅಡುಗೆಯವರು. ಕೆಲವು ವರ್ಷ ಕಳೆದ ಮೇಲೆ ಮನೆಯವರು ಆಲ್ಬಮ್ಮಿನಲ್ಲಿ ಹುಡುಕುವುದು ಇವರನ್ನೇ. ಊಟದ ಪಂಕ್ತಿಯಲ್ಲಿ ಬಡಿಸುವಾಗ ತೆಗೆಯಿರಿ, ತುತ್ತು ಬಾಯಿಗಿಡುವಾಗ ಬೇಡ. ಗುಂಪಿನ ಫೋಟೋಗೆ ಎರಡೂ ಕಡೆಯಿಂದ ನೆಂಟರನ್ನೆಲ್ಲ ಬಲ್ಲ ಒಬ್ಬೊಬ್ಬರನ್ನು ಜೊತೆಗಿಟ್ಟುಕೊಂಡು, ಹಿರಿಯರ ಗುಂಪನ್ನು ಮೊದಲು ಮುಗಿಸಿ. ಎರಡು ಸಾಲು ಇದ್ದರೆ ಎಫ್/5.6ಕ್ಕಿಂತ ತೆರೆಯಬೇಡಿ, ಹಿಂದಿನ ಸಾಲು ಮಸುಕಾಗುತ್ತದೆ.

ಮದುವೆಗೆ ಮುಂಚಿನ ಹೊರಾಂಗಣ ಶೂಟಿನ ಬಗ್ಗೆ ಒಂದೇ ಮಾತು. 2020ರ ನವೆಂಬರ್‌ನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ಇಂಥದೇ ಫೋಟೋಗೆಂದು ತೆಪ್ಪ ಹತ್ತಿದ ಜೋಡಿಯೊಂದು ನೀರುಪಾಲಾಯಿತು. ನದಿ, ಜಲಪಾತ, ರೈಲು ಹಳಿ, ಬಂಡೆಯ ಅಂಚು ಎಂದು ಯಾರೇ ಕೇಳಿದರೂ ಆಗದು ಎನ್ನಿ. ಹೇಳಬೇಕಾದವರು ನೀವೇ, ಏಕೆಂದರೆ ನೀವು ಹೇಳಿದಲ್ಲಿ ಅವರು ನಿಲ್ಲುತ್ತಾರೆ. ಹಂಪಿಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಇಂಥ ಶೂಟಿಗೆ ಮೊದಲೇ ಅನುಮತಿ ಪಡೆಯಬೇಕು.

ಮದುವೆ ಮುಗಿದ ರಾತ್ರಿ ನಿದ್ದೆ ಎಷ್ಟೇ ಎಳೆದರೂ ಒಂದು ಕೆಲಸ ಬಾಕಿ ಇರುತ್ತದೆ. ಕಾರ್ಡಿನಲ್ಲಿರುವುದನ್ನೆಲ್ಲ ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಇಳಿಸಿ, ಒಂದನ್ನು ಬೇರೆ ಮನೆಯಲ್ಲಿಡಿ. ಎರಡೂ ಕಡೆ ಫೋಟೋ ತೆರೆದು ನೋಡುವವರೆಗೆ ಕಾರ್ಡ್ ಅಳಿಸಬೇಡಿ. ಕ್ಯಾಮೆರಾದಲ್ಲಿ ಎರಡು ಕಾರ್ಡಿಗೆ ಜಾಗವಿದ್ದರೆ ಎರಡರಲ್ಲೂ ಒಟ್ಟಿಗೆ ದಾಖಲಾಗುವಂತೆ ಮೊದಲೇ ಇಟ್ಟುಕೊಳ್ಳಿ. ಫಿಲ್ಮನ್ನು ತಡಮಾಡದೆ ತೊಳೆಯಲು ಕೊಡಿ. ಬಣ್ಣದ ಫಿಲ್ಮು ತೊಳೆಯುವ ಸಿ-41 ವಿಧಾನದಲ್ಲಿ ಡೆವಲಪರ್ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ, 3 ನಿಮಿಷ 15 ಸೆಕೆಂಡು ಕೆಲಸ ಮಾಡಬೇಕು. ಅಷ್ಟು ನಾಜೂಕಿನ ಲೆಕ್ಕವಾದ್ದರಿಂದ, ದಿನವೂ ಫಿಲ್ಮು ತೊಳೆಯುವ ಲ್ಯಾಬನ್ನೇ ಹುಡುಕಿ, ದೂರವಾದರೂ ಚಿಂತೆಯಿಲ್ಲ. ‘ನೆಗೆಟಿವ್ ವಾಪಸ್ ಬೇಕು’ ಎಂದು ಚೀಟಿಯ ಮೇಲೆ ಬರೆಸಿ.

ಫೋಟೋ ಯಾರದು ಎಂಬ ಪ್ರಶ್ನೆಗೂ ಕಾನೂನಿನಲ್ಲಿ ಉತ್ತರವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ನಿಮ್ಮ ಇನ್‌ಸ್ಟಾಗ್ರಾಮ್ ಪುಟಕ್ಕೆ ಹಾಕಿಕೊಳ್ಳಬೇಕಾದರೆ ಮುಂಗಡ ಪಡೆಯುವಾಗಲೇ ಕೇಳಿ, ಬರೆದುಕೊಳ್ಳಿ. ಎಷ್ಟು ದಿನ, ಎಷ್ಟು ಫೋಟೋ, ಆಲ್ಬಮ್ಮಿನಲ್ಲಿ ಎಷ್ಟು ಹಾಳೆ, ಯಾವಾಗ ಕೊಡುವುದು ಎಂಬುದೂ ಅದೇ ಕಾಗದದಲ್ಲಿರಲಿ.

ಆರಿಸುವಾಗ ಕಠಿಣವಾಗಿರಿ. ಒಂದೇ ಗಳಿಗೆಯ ಹತ್ತು ಫೋಟೋ ಕೊಟ್ಟರೆ ಮನೆಯವರಿಗೆ ನೋಡುವ ಉತ್ಸಾಹವೇ ಹೋಗುತ್ತದೆ, ಒಂದನ್ನು ಆರಿಸುವುದು ನಿಮ್ಮ ಕೆಲಸ. ಹಾಳೆ ತುಂಬ ಹೂಬಳ್ಳಿ, ಮೋಡ, ಹೃದಯದ ಚಿತ್ರ ಸೇರಿಸುವ ಆಲ್ಬಮ್ ವಿನ್ಯಾಸಗಳನ್ನು ನಾನು ಒಪ್ಪುವುದಿಲ್ಲ. ಮುಖಕ್ಕೆ ಜಾಗ ಬಿಡಿ. ಆಲ್ಬಮ್ ಕೊಡುವ ದಿನ ನೆಗೆಟಿವ್‌ಗಳನ್ನೂ ಪಾರದರ್ಶಕ ಹಾಳೆಗಳಲ್ಲಿ ಹಾಕಿ, ಮೇಲೆ ದಿನಾಂಕ, ಊರು, ವಧೂವರರ ಹೆಸರು ಬರೆದು ಮನೆಯವರ ಕೈಗೇ ಕೊಡಿ. ತೇವವಿಲ್ಲದ ಜಾಗದಲ್ಲಿಡಲು ಹೇಳಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಡಬ್ಬಿಯೊಳಗೆ ಒಂದು ಪೊಟ್ಟಣ ಸಿಲಿಕಾ ಜೆಲ್ ಹಾಕಿ ಕೊಡಿ.